ಭೂಕಂಪ ವಿಮೆ: ಕಂತು ಕಟ್ಟುವುದೋ, ಅದೇ ಹಣದಲ್ಲಿ ಮನೆಯನ್ನು ಗಟ್ಟಿ ಮಾಡುವುದೋ?

ಹೊಸಮನೆ:
ಮನೆಯ ವಿಮೆ ನವೀಕರಿಸುವ ಸಮಯ ಹತ್ತಿರ ಬಂದಿದೆ. ಬೆಂಕಿ, ಸಿಡಿಲು, ಕಳ್ಳತನ ಎಲ್ಲವೂ ಈಗಿನ ಪಾಲಿಸಿಯಲ್ಲಿವೆ. ಭೂಕಂಪಕ್ಕೆ ಮಾತ್ರ ಬೇರೆ ಹಾಳೆ, ಬೇರೆ ಕಂತು. ಆ ಕಂತು ಮೂಲ ಕಂತಿನ ಅರ್ಧಕ್ಕಿಂತ ಹೆಚ್ಚಿದೆ. ನಮ್ಮದು ಎರಡಂತಸ್ತಿನ ಮನೆ. ಕೆಳಗೆ ಮುಂಭಾಗದಲ್ಲಿ ವಾಹನ ನಿಲ್ಲಿಸಲು ಜಾಗ ಬಿಟ್ಟಿರುವುದರಿಂದ ಅಲ್ಲಿ ಕಂಬಗಳಿವೆಯೇ ಹೊರತು ಗೋಡೆಗಳಿಲ್ಲ. ಸಾಲ ಅರ್ಧವೂ ತೀರಿಲ್ಲ. ಅಪಾಯದ ನಕ್ಷೆಯಲ್ಲಿ ನಾವಿರುವ ಪ್ರದೇಶಕ್ಕೆ ಮಧ್ಯಮ ಅಪಾಯದ ಬಣ್ಣ ಬಳಿದಿದ್ದಾರೆ.

“ಬರುತ್ತದೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ವರ್ಷ ವರ್ಷ ಹಣ ಸುರಿಯುವುದೇಕೆ, ಅದೇ ದುಡ್ಡಿನಲ್ಲಿ ಕಂಬಗಳನ್ನಾದರೂ ಗಟ್ಟಿ ಮಾಡಿಸಬಹುದಲ್ಲ” ಎಂಬುದು ನನ್ನ ಪತಿಯ ವಾದ. ಅವರ ಮಾತನ್ನು ತಳ್ಳಿಹಾಕಲೂ ಆಗುತ್ತಿಲ್ಲ, ಒಪ್ಪಿ ಸುಮ್ಮನಿರಲೂ ಆಗುತ್ತಿಲ್ಲ. ವಿಮೆ ಮಾಡಿಸಿದವರು, ಬೇಡವೆಂದು ಬಿಟ್ಟವರು ಇಬ್ಬರೂ ತಿಳಿಸಿ: ಯಾವ ಲೆಕ್ಕ ಹಾಕಿ ತೀರ್ಮಾನಕ್ಕೆ ಬಂದಿರಿ?

ನಿವೃತ್ತ ಮೇಷ್ಟ್ರು:
ಬೇಡಮ್ಮ. ನಕ್ಷೆಯೇ ಮಧ್ಯಮ ಅನ್ನುತ್ತಿದೆ. ಆ ಕಂತನ್ನು ಪ್ರತಿವರ್ಷ ಬ್ಯಾಂಕಿನಲ್ಲಿ ಠೇವಣಿ ಇಡಿ. ಭೂಕಂಪ ಬಂದರೆ ಮನೆಗಾಯಿತು, ಬರದಿದ್ದರೆ ಮಕ್ಕಳಿಗಾಯಿತು. ವಿಮಾ ಕಂಪನಿಗೆ ಕೊಟ್ಟದ್ದು ಎಂದೂ ತಿರುಗಿ ಬರುವುದಿಲ್ಲ.

ಭೂವಿಜ್ಞಾನ ವಿದ್ಯಾರ್ಥಿನಿ:
ಮೇಷ್ಟ್ರೇ, ನಕ್ಷೆಯ ಬಣ್ಣವನ್ನು ಅಷ್ಟೊಂದು ನಂಬಬೇಡಿ ಎಂದು ವಿನಂತಿಸುತ್ತೇನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ನೆಲ ನಡುಗಿದಾಗ, ಆ ಪ್ರದೇಶ ಭಾರತದ ನಕ್ಷೆಯಲ್ಲಿ ವಲಯ ಒಂದರಲ್ಲಿತ್ತು, ಅಂದರೆ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿ. ಸುಮಾರು ಹತ್ತು ಸಾವಿರ ಜನ ಸತ್ತರು. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ವಲಯ ಒಂದು ಎಂಬುದನ್ನೇ ಕೈಬಿಟ್ಟು ವಲಯ ಎರಡಕ್ಕೆ ಸೇರಿಸಿದರು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಸುತ್ತ 2010ರಲ್ಲಿ ಸೀಳಿದ ಭ್ರಂಶರೇಖೆ, ಅಂದರೆ ನೆಲದೊಳಗಿನ ಬಂಡೆಗಳು ಜಾರುವ ಬಿರುಕು, ಅದುವರೆಗೆ ಯಾರ ನಕ್ಷೆಯಲ್ಲೂ ಇರಲಿಲ್ಲ.

ಇನ್ನೊಂದು ವಿಷಯ ನಕ್ಷೆಯಲ್ಲಿ ಕಾಣುವುದೇ ಇಲ್ಲ: ನಿಮ್ಮ ಪಾಯದ ಕೆಳಗಿನ ಮಣ್ಣು. 1985ರಲ್ಲಿ ಮೆಕ್ಸಿಕೊ ನಗರವನ್ನು ಹಾಳುಗೆಡವಿದ ಭೂಕಂಪದ ಕೇಂದ್ರ ಇದ್ದದ್ದು ಮುನ್ನೂರು ಕಿಲೋಮೀಟರಿಗೂ ದೂರದ ಪೆಸಿಫಿಕ್ ಕರಾವಳಿಯಲ್ಲಿ. ಆದರೆ ನಗರದ ಬಹುಭಾಗ ನಿಂತಿರುವುದು ಹಳೆಯ ಸರೋವರದ ಕೆಸರು ಮಣ್ಣಿನ ಮೇಲೆ. ಆ ಮಣ್ಣು ಅಲುಗಾಟವನ್ನು ಹಲವು ಪಟ್ಟು ಹಿಗ್ಗಿಸಿತು. ಅದೇ ನಗರದಲ್ಲಿ ಗಟ್ಟಿ ನೆಲದ ಮೇಲಿದ್ದ ಬಡಾವಣೆಗಳಿಗೆ ಅಷ್ಟು ಹಾನಿಯಾಗಲಿಲ್ಲ. ಆದ್ದರಿಂದ ಅಕ್ಕ, ಮನೆ ಕಟ್ಟುವಾಗ ಮಣ್ಣಿನ ಪರೀಕ್ಷೆ ಮಾಡಿಸಿದ್ದರೆ ಆ ವರದಿ ಹುಡುಕಿ. ತುಂಬಿದ ಕೆರೆ, ಗದ್ದೆ, ನದಿಪಾತ್ರ, ಮಣ್ಣು ಹಾಕಿ ಎತ್ತರಿಸಿದ ಜಾಗ ಇವುಗಳಲ್ಲಿ ಯಾವುದಾದರೂ ಆಗಿದ್ದರೆ ನಕ್ಷೆಯ ‘ಮಧ್ಯಮ’ ನಿಮಗೆ ಅನ್ವಯಿಸುವುದಿಲ್ಲ.

ವಿಮಾ ಸರ್ವೇಯರ್:
ಇದೇ ವೃತ್ತಿಯಲ್ಲಿದ್ದು ಕ್ಲೇಮುಗಳನ್ನು ನೋಡುತ್ತ ಬಂದಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಂತು ಎಷ್ಟು ಎಂಬುದು ಎರಡನೆಯ ಪ್ರಶ್ನೆ. ಮೊದಲು ಆ ಬೇರೆ ಹಾಳೆಯಲ್ಲಿ ‘ಡಿಡಕ್ಟಿಬಲ್’ ಎಂದು ಬರೆದಿರುವ ಸಾಲನ್ನು ಹುಡುಕಿ ಓದಿ. ನಷ್ಟದಲ್ಲಿ ನೀವೇ ಹೊರಬೇಕಾದ ಮೊದಲ ಪಾಲು ಅದು. ಬೆಂಕಿ ವಿಮೆಯಲ್ಲಿ ಅದು ಸಾಮಾನ್ಯವಾಗಿ ಸಣ್ಣ ನಿಗದಿತ ಮೊತ್ತ. ಭೂಕಂಪದಲ್ಲಿ ಅನೇಕ ಕಡೆ ಅದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಅದೂ ಆದ ನಷ್ಟದ ಶೇಕಡಾ ಅಲ್ಲ, ಒಟ್ಟು ವಿಮಾ ಮೊತ್ತದ ಶೇಕಡಾ. ಅಮೆರಿಕದಲ್ಲಿ ಭೂಕಂಪ ವಿಮೆಗೆಂದೇ ಇರುವ ಕ್ಯಾಲಿಫೋರ್ನಿಯಾ ಭೂಕಂಪ ಪ್ರಾಧಿಕಾರದ ಪಾಲಿಸಿಗಳಲ್ಲಿ ಇದು ಶೇ 5ರಿಂದ ಶೇ 25ರವರೆಗೆ ಇದೆ, ಆಯ್ಕೆ ನಿಮ್ಮದು.

ಲೆಕ್ಕ ಹೀಗೆ. ಮನೆಯ ವಿಮಾ ಮೊತ್ತ 100 ಎಂದಿಟ್ಟುಕೊಳ್ಳಿ, ಡಿಡಕ್ಟಿಬಲ್ ಶೇ 15. ಗೋಡೆಗಳು ಬಿರುಕು ಬಿಟ್ಟು, ನೆಲದ ಹಾಸು ಎದ್ದು, ಒಟ್ಟು 12ರಷ್ಟು ನಷ್ಟವಾದರೆ ನಿಮ್ಮ ಕೈಗೆ ಬರುವುದು ಸೊನ್ನೆ. 40ರಷ್ಟು ನಷ್ಟವಾದರೆ 25 ಬರುತ್ತದೆ. ಮನೆ ನೆಲಸಮವಾದರೆ 85 ಬರುತ್ತದೆ. ಅಂದರೆ ಈ ವಿಮೆ ಬಿರುಕು ಮುಚ್ಚಿಸಲು ಇರುವುದಲ್ಲ. ಬಿರುಕಿಗೆ ಹಣ ಬರುತ್ತದೆಂದು ನಂಬಿ ಕಂತು ಕಟ್ಟಿದವರು, ಕ್ಲೇಮಿನ ದಿನ ಬರಿಗೈಯಲ್ಲಿ ನಿಂತು “ಇಷ್ಟು ವರ್ಷ ಕಟ್ಟಿದ್ದೇಕೆ” ಎಂದು ಕೇಳುವುದನ್ನು ನೋಡಿದ್ದೇನೆ. ಅವರಿಗೆ ಮೊದಲೇ ಯಾರೂ ಇದನ್ನು ಹೇಳಿರಲಿಲ್ಲ ಎಂಬುದೇ ನನಗೆ ನೋವು.

ಎಲ್ಲ ದೇಶಗಳಲ್ಲೂ ಹೀಗಿಲ್ಲ. ಜಪಾನಿನಲ್ಲಿ 1964ರ ನೀಗಾತ ಭೂಕಂಪದ ಬಳಿಕ, 1966ರಲ್ಲಿ ಸರ್ಕಾರದ ಬೆಂಬಲದ ಭೂಕಂಪ ವಿಮೆ ಬಂತು. ಅದನ್ನು ಬೆಂಕಿ ವಿಮೆಯ ಜೊತೆಗೇ ಕೊಳ್ಳಬೇಕು, ಬೆಂಕಿ ವಿಮೆಯ ಮೊತ್ತದ ಶೇ 30ರಿಂದ 50ರಷ್ಟಕ್ಕೆ ಮಾತ್ರ ಸಿಗುತ್ತದೆ. ಹಾನಿಯನ್ನು ನಾಲ್ಕು ಹಂತಗಳಾಗಿ ಗುರುತಿಸಿ ವಿಮಾ ಮೊತ್ತದ ಶೇ 100, 60, 30 ಅಥವಾ 5 ಎಂದು ಕೊಟ್ಟುಬಿಡುತ್ತಾರೆ. ಪ್ರತಿ ಬಿರುಕಿನ ವೆಚ್ಚ ಬರೆಯುತ್ತ ಕೂರುವುದಿಲ್ಲ, ಹಾಗಾಗಿ ಹಣ ಬೇಗ ಬರುತ್ತದೆ. ಆದರೆ ಆ ಹಣದಲ್ಲಿ ಇಡೀ ಮನೆ ಕಟ್ಟಲಾಗದು. ಬದುಕನ್ನು ಮತ್ತೆ ಆರಂಭಿಸಲು ಇರುವ ಹಣ ಅದು ಎಂದು ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಭಾರತದಲ್ಲಿ 2021ರ ಏಪ್ರಿಲ್ 1ರಿಂದ ಇರುವ ‘ಭಾರತ್ ಗೃಹ ರಕ್ಷಾ’ ಪ್ರಮಾಣಿತ ಪಾಲಿಸಿಯಲ್ಲಿ ಭೂಕಂಪ ಮೊದಲೇ ಸೇರಿಕೊಂಡಿದೆ. ಆದ್ದರಿಂದ ಇದನ್ನು ಓದುವವರೆಲ್ಲ ತಮ್ಮ ಪಾಲಿಸಿ ಯಾವ ಬಗೆಯದು ಎಂದು ಮೊದಲು ನೋಡಿಕೊಳ್ಳಿ. ಈಗಾಗಲೇ ಇರುವುದನ್ನು ಎರಡನೆಯ ಸಲ ಕೊಳ್ಳಬೇಡಿ, ಇಲ್ಲದ್ದನ್ನು ಇದೆಯೆಂದು ನಂಬಿಕೊಂಡೂ ಇರಬೇಡಿ.

ಹೊಸಮನೆ:
ಸರ್, ತುಂಬಾ ಧನ್ಯವಾದಗಳು. ಹಾಳೆ ತೆಗೆದು ನೋಡಿದೆ. ಶೇ 15 ಎಂದೇ ಇದೆ, ವಿಮಾ ಮೊತ್ತದ ಮೇಲೆಯೇ. ಏಜೆಂಟರು ಈ ಸಾಲಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹಾಗಾದರೆ ಸಣ್ಣಪುಟ್ಟ ಹಾನಿ ನಮ್ಮದೇ ಹೊಣೆ. ಅದನ್ನು ಹೇಗಾದರೂ ನಿಭಾಯಿಸಬಹುದು. ನನ್ನ ಭಯ ಆ ಕೆಳಗಿನ ಕಂಬಗಳದು.

ಕಟ್ಟಡ ಎಂಜಿನಿಯರ್:
ಮೇಡಂ, ನಿಮ್ಮ ಭಯಕ್ಕೆ ಕಾರಣವಿದೆ. ಮೇಲಿನ ಅಂತಸ್ತಿನಲ್ಲಿ ಗೋಡೆಗಳ ಬಿಗಿ, ಕೆಳಗೆ ಬರೀ ಕಂಬ. ನೆಲ ಅಡ್ಡಡ್ಡಲಾಗಿ ಅಲುಗಿದಾಗ ಮೇಲಿನ ಭಾಗ ಒಂದೇ ಪೆಟ್ಟಿಗೆಯಾಗಿ ಓಲಾಡುತ್ತದೆ, ಬಾಗುವ ಕೆಲಸವೆಲ್ಲ ಕೆಳಗಿನ ಕಂಬಗಳ ತಲೆ ಮತ್ತು ಬುಡಕ್ಕೆ ಬೀಳುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ವಸತಿ ಕಟ್ಟಡಗಳು ಬಿದ್ದದ್ದಕ್ಕೆ ಇದು ಒಂದು ಮುಖ್ಯ ಕಾರಣ. 1994ರ ಜನವರಿ 17ರಂದು ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್‌ನಲ್ಲಿ ಒಂದು ವಸತಿ ಸಂಕೀರ್ಣದ ನೆಲಮಹಡಿ ಚಪ್ಪಟೆಯಾಗಿ 16 ಜನ ಸತ್ತದ್ದೂ ಹೀಗೆಯೇ.

ಇನ್ನು ಕಂಬದ ಒಳಗೆ ಏನಿದೆ ಎಂಬುದು. ನೇರ ನಿಂತ ಕಬ್ಬಿಣದ ಸರಳುಗಳ ಸುತ್ತ ರಿಂಗುಗಳನ್ನು ಕಟ್ಟುತ್ತಾರಲ್ಲ, ಆ ರಿಂಗಿನ ತುದಿಯನ್ನು ಗಮನಿಸಬೇಕು. ಎರಡೂ ತುದಿಗಳು 135 ಡಿಗ್ರಿ ಬಾಗಿ ಕಾಂಕ್ರೀಟಿನ ಒಡಲೊಳಗೆ ಚುಚ್ಚಿಕೊಂಡಿರಬೇಕು. ಬಾಗಿಸಲು ಸುಲಭವೆಂದು 90 ಡಿಗ್ರಿಗೆ ಬಿಟ್ಟರೆ, ಅಲುಗಾಟದಲ್ಲಿ ಹೊರಗಿನ ಕಾಂಕ್ರೀಟು ಚಕ್ಕೆ ಎದ್ದ ಕೂಡಲೇ ರಿಂಗು ಬಿಚ್ಚಿಕೊಳ್ಳುತ್ತದೆ. ರಿಂಗು ಬಿಚ್ಚಿದರೆ ನೇರ ಸರಳುಗಳು ಹೊರಕ್ಕೆ ಬಾಗುತ್ತವೆ, ಕಂಬ ಅಲ್ಲಿಗೆ ಮುಗಿಯಿತು. ಬೀಮು ಸೇರುವ ಕಡೆ, ಅಂದರೆ ಕಂಬದ ಮೇಲ್ತುದಿ ಮತ್ತು ಕೆಳತುದಿಯಲ್ಲಿ, ರಿಂಗುಗಳು ಒತ್ತೊತ್ತಾಗಿ ಇರಬೇಕು. ನಿಮ್ಮಲ್ಲಿ ಕಟ್ಟುವಾಗ ತೆಗೆದ ಫೋಟೋಗಳಿದ್ದರೆ ಅವುಗಳಲ್ಲೇ ಇದು ಕಾಣಬಹುದು. ಒಬ್ಬ ರಚನಾ ಎಂಜಿನಿಯರನ್ನು ಕರೆಸಿ ತೋರಿಸಿ. ಕಂಬಗಳ ಸುತ್ತ ಕಾಂಕ್ರೀಟ್ ಹೊದಿಕೆ ಕೊಡುವುದು, ಕಂಬಗಳ ನಡುವೆ ಒಂದೆರಡು ಕಡೆ ಕಾಂಕ್ರೀಟ್ ಗೋಡೆ ಅಥವಾ ಉಕ್ಕಿನ ಅಡ್ಡಪಟ್ಟಿ ಕೂರಿಸುವುದು, ಇವೆಲ್ಲ ಸಾಧ್ಯ. ಲೆಕ್ಕವಿಲ್ಲದೆ ಮೇಸ್ತ್ರಿಯ ಮಾತಿನ ಮೇಲೆ ಮಾತ್ರ ಮಾಡಿಸಬೇಡಿ. ಒಂದು ಮೂಲೆಯನ್ನಷ್ಟೇ ಗಟ್ಟಿ ಮಾಡಿದರೆ ಮನೆ ಆ ಮೂಲೆಯನ್ನು ಹಿಡಿದು ತಿರುಚಿಕೊಳ್ಳುತ್ತದೆ, ಮೊದಲಿಗಿಂತ ಕೆಟ್ಟದಾಗುತ್ತದೆ.

ಇದನ್ನು ಬಹಳ ಕಳಕಳಿಯಿಂದ ಹೇಳುತ್ತಿದ್ದೇನೆ: ವಿಮೆ ಯಾರ ಪ್ರಾಣವನ್ನೂ ಉಳಿಸುವುದಿಲ್ಲ. ಹಣ ಒಂದಕ್ಕೇ ಸಾಲುವುದಾದರೆ ಕಂಬಗಳಿಗೆ ಹಾಕಿ.

ಲೆಕ್ಕಪರಿಶೋಧಕಿ:
ಎಂಜಿನಿಯರ್ ಸರ್ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅವರ ಕೊನೆಯ ಸಾಲನ್ನು ಓದಿ ಯಾರೂ ‘ಗಟ್ಟಿ ಮಾಡಿಸಿದೆ, ಇನ್ನು ವಿಮೆ ಬೇಡ’ ಎಂದುಕೊಳ್ಳಬಾರದು. ಕಟ್ಟಡ ಸಂಹಿತೆಗಳ ಮೊದಲ ಗುರಿ ಒಳಗಿರುವವರು ಜೀವಂತ ಹೊರಬರಬೇಕು ಎಂಬುದು. ದೊಡ್ಡ ಭೂಕಂಪದ ಬಳಿಕ ಮನೆ ವಾಸಕ್ಕೆ ಯೋಗ್ಯವಾಗಿ ಉಳಿಯುತ್ತದೆ ಎಂದು ಅವು ಭರವಸೆ ಕೊಡುವುದಿಲ್ಲ. ಜನ ಉಳಿದು, ಮನೆಯನ್ನು ಕೆಡವಿಯೇ ಕಟ್ಟಬೇಕಾಗಿ ಬಂದರೆ ಆ ಹಣ ಎಲ್ಲಿಂದ ಬರುತ್ತದೆ?

ಮೇಷ್ಟ್ರ ಠೇವಣಿಯ ಸಲಹೆಯ ತೊಡಕು ಇಲ್ಲೇ ಇದೆ. ಭೂಕಂಪ ನಿಮ್ಮ ಠೇವಣಿ ಬೆಳೆಯುವವರೆಗೆ ಕಾಯುವುದಿಲ್ಲ. ಮೂರನೆಯ ವರ್ಷ ಬಂದರೆ ನಿಮ್ಮ ಕೈಯಲ್ಲಿರುವುದು ಮೂರು ಕಂತು. ಡಿಡಕ್ಟಿಬಲ್‌ನಷ್ಟು ಹಣವನ್ನು ಠೇವಣಿಯಲ್ಲಿ ಬೆಳೆಸುವುದು ಒಳ್ಳೆಯದು, ಅದು ವಿಮೆಯ ಜೊತೆಗಿರಬೇಕಾದದ್ದು, ವಿಮೆಯ ಬದಲಿಗಲ್ಲ.

ಹೊಸಮನೆ ಅವರೇ, ನೀವು ಮೂರು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಉಳಿದಿರುವ ಸಾಲ, ಇಂದು ಅದೇ ಮನೆಯನ್ನು ಮತ್ತೆ ಕಟ್ಟಲು ಬೇಕಾಗುವ ಖರ್ಚು, ಮನೆಯ ಹೊರತಾಗಿ ನಿಮ್ಮ ಬಳಿ ಇರುವ ಆಸ್ತಿ. ಮನೆ ಬಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ. ಇಲ್ಲದ ಮನೆಯ ಕಂತು, ಇರುವ ಬಾಡಿಗೆ ಮನೆಯ ಬಾಡಿಗೆ, ಎರಡನ್ನೂ ಒಂದೇ ಸಂಬಳದಲ್ಲಿ ಕಟ್ಟಬೇಕಾಗುತ್ತದೆ. ಮೂರನೆಯ ಅಂಕಿ ಮೊದಲೆರಡನ್ನು ನುಂಗುವಷ್ಟು ದೊಡ್ಡದಿದ್ದರೆ ವಿಮೆ ಬಿಡಬಹುದು. ಇಲ್ಲವೆಂದರೆ ನನ್ನ ದೃಷ್ಟಿಯಲ್ಲಿ ಬಿಡುವಂತಿಲ್ಲ, ಭೂಕಂಪದ ಸಂಭವ ಕಡಿಮೆಯಿದ್ದರೂ ಸಹ. ಬರುವ ಸಂಭವ ಎಷ್ಟು ಎನ್ನುವುದಕ್ಕಿಂತ, ಬಂದರೆ ಎದ್ದು ನಿಲ್ಲಲು ಸಾಧ್ಯವೇ ಎಂಬುದನ್ನು ನೋಡಬೇಕು.

ವಿಮಾ ಮೊತ್ತದ ಬಗ್ಗೆ ಒಂದು ಮಾತು. ಅದು ಮನೆಯ ಮಾರಾಟದ ಬೆಲೆಯಲ್ಲ. ಮಾರಾಟದ ಬೆಲೆಯಲ್ಲಿ ನಿವೇಶನದ ಬೆಲೆ ಸೇರಿರುತ್ತದೆ, ನಿವೇಶನ ಬೀಳುವುದಿಲ್ಲ. ಮತ್ತೆ ಕಟ್ಟುವ ಖರ್ಚಿಗೆ ವಿಮೆ ಮಾಡಿಸಿ, ಅವಶೇಷ ತೆರವು ಮತ್ತು ಹೊಸ ನಿಯಮಗಳಂತೆ ಕಟ್ಟುವ ಹೆಚ್ಚುವರಿ ವೆಚ್ಚ ಸೇರಿದೆಯೇ ಕೇಳಿ. ಇಡೀ ಊರು ಏಕಕಾಲಕ್ಕೆ ಕಟ್ಟಲು ಹೊರಟಾಗ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲವೂ ಏರುತ್ತವೆ.

ನಿವೃತ್ತ ಮೇಷ್ಟ್ರು:
ಲೆಕ್ಕ ಚೆನ್ನಾಗಿದೆ ತಾಯಿ. ಆದರೆ ಇಡೀ ಊರು ಒಂದೇ ದಿನ ಕ್ಲೇಮು ಹಾಕಿದರೆ ಕಂಪನಿಯೇ ಮುಳುಗುವುದಿಲ್ಲವೆ? ಇನ್ನೊಂದು, ಅಂಥ ದುರಂತವಾದರೆ ಸರ್ಕಾರ ಸುಮ್ಮನೆ ಕೂರುವುದಿಲ್ಲ. ಪರಿಹಾರ ಬಂದೇ ಬರುತ್ತದೆ.

ವಿಮಾ ಸರ್ವೇಯರ್:
ಮೇಷ್ಟ್ರೇ, ಎರಡೂ ಕೇಳಬೇಕಾದ ಪ್ರಶ್ನೆಗಳೇ. ನಾರ್ತ್‌ರಿಡ್ಜ್ ಬಳಿಕ ವಿಮಾ ಕಂಪನಿಗಳು ಕೊಟ್ಟ ಹಣ, ಅವು ಹಿಂದಿನ ವರ್ಷಗಳಲ್ಲೆಲ್ಲ ಸಂಗ್ರಹಿಸಿದ್ದ ಭೂಕಂಪದ ಕಂತುಗಳನ್ನು ಎಷ್ಟೋ ಮೀರಿತ್ತು. ಮನೆ ವಿಮೆ ಮಾರುವವರು ಭೂಕಂಪ ವಿಮೆಯನ್ನೂ ಕೊಡಲೇಬೇಕೆಂಬ ಕಾನೂನು ಅಲ್ಲಿತ್ತು. ಹೀಗಾಗಿ ಬಹುತೇಕ ಕಂಪನಿಗಳು ಮನೆ ವಿಮೆಯನ್ನೇ ಮಿತಗೊಳಿಸಿದವು ಅಥವಾ ನಿಲ್ಲಿಸಿದವು. 1996ರಲ್ಲಿ ಭೂಕಂಪ ಪ್ರಾಧಿಕಾರ ಹುಟ್ಟಿದ್ದು ಆ ಬಿಕ್ಕಟ್ಟಿನಿಂದ. ಇಂದಿಗೂ ಅದರ ನಿಧಿ ಸಾಲದೇ ಹೋದರೆ ಎಲ್ಲರಿಗೂ ಸಮಪಾಲಿನಲ್ಲಿ ಕಡಿತ ಮಾಡಿ ಕೊಡುವ ಅವಕಾಶವನ್ನು ಕಾನೂನಿನಲ್ಲೇ ಇಟ್ಟಿದ್ದಾರೆ. ಜಪಾನಿನಲ್ಲೂ ಒಂದು ಭೂಕಂಪಕ್ಕೆ ಒಟ್ಟು 12 ಲಕ್ಷ ಕೋಟಿ ಯೆನ್ ಎಂಬ ಮಿತಿ ಇದೆ. ಆದ್ದರಿಂದ ಕಂಪನಿಯ ಹಿಂದೆ ಮರುವಿಮೆ (ವಿಮಾ ಕಂಪನಿಯೇ ಬೇರೆ ಕಂಪನಿಯಲ್ಲಿ ಮಾಡಿಸುವ ವಿಮೆ) ಅಥವಾ ಸರ್ಕಾರದ ನಿಧಿ ಏನಿದೆ ಎಂದು ಕೇಳುವುದು ನಿಮ್ಮ ಹಕ್ಕು.

ಸರ್ಕಾರದ ಪರಿಹಾರದ ವಿಷಯಕ್ಕೆ ಕ್ರೈಸ್ಟ್‌ಚರ್ಚ್‌ನ ಉದಾಹರಣೆ ಕೊಡುತ್ತೇನೆ. 2011ರ ಫೆಬ್ರವರಿ 22ರ ಭೂಕಂಪದ ಬಳಿಕ, ಮಣ್ಣು ನೀರಿನಂತಾಗಿ ಕುಸಿದ ಪ್ರದೇಶಗಳನ್ನು ಸರ್ಕಾರ ‘ರೆಡ್ ಝೋನ್’ ಎಂದು ಘೋಷಿಸಿ ಮನೆಗಳನ್ನು ಕೊಳ್ಳಲು ಮುಂದಾಯಿತು. ವಿಮೆಯಿದ್ದವರಿಗೆ 2007ರ ಸರ್ಕಾರಿ ಮೌಲ್ಯಮಾಪನದ ಬೆಲೆ ಸಿಕ್ಕಿತು. ವಿಮೆಯಿಲ್ಲದವರಿಗೆ ಮೊದಲು ಕೊಡಲು ಬಂದದ್ದು ನಿವೇಶನದ ಮೌಲ್ಯದ ಅರ್ಧ ಮಾತ್ರ, ಮನೆಗೆ ಏನೂ ಇಲ್ಲ. ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಿ 2015ರಲ್ಲಿ ಗೆದ್ದರು. ಕೊನೆಗೆ ಗೆದ್ದರೂ ಆ ವರ್ಷಗಳನ್ನು ಅವರು ಹೇಗೆ ಕಳೆದಿರಬೇಕು, ಯೋಚಿಸಿ.

ಫ್ಲ್ಯಾಟ್ ನಿವಾಸಿ:
ನಾವು ಅಪಾರ್ಟ್‌ಮೆಂಟಿನಲ್ಲಿರುವವರು ಏನು ಮಾಡಬೇಕು? ನನ್ನ ಫ್ಲ್ಯಾಟಿಗೆ ನಾನೊಬ್ಬನೇ ಮಾಡಿಸಿದರೆ ಪ್ರಯೋಜನವಿದೆಯೇ? ಕಂಬ, ಪಾಯ, ಮೆಟ್ಟಿಲು ಎಲ್ಲರದೂ ಅಲ್ಲವೆ?

ಲೆಕ್ಕಪರಿಶೋಧಕಿ:
ನಿಮ್ಮ ಸಂದೇಹ ಸರಿಯಾಗಿದೆ ಸರ್. ಸಂಘದ ಹೆಸರಿನಲ್ಲಿ ಇಡೀ ಕಟ್ಟಡಕ್ಕೆ ಒಂದೇ ಪಾಲಿಸಿ ಇರುವುದು ಮೇಲು. ಹತ್ತು ಮನೆಯವರ ಕೈಯಲ್ಲಿ ಹಣವಿದ್ದು ಇಪ್ಪತ್ತು ಮನೆಯವರ ಬಳಿ ಇಲ್ಲದಿದ್ದರೆ ಕಟ್ಟಡ ಮೇಲೇಳುವುದಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಪಾಲಿಸಿಯ ಪ್ರತಿ ಕೇಳಿ, ಭೂಕಂಪ ಅದರಲ್ಲಿದೆಯೇ, ಡಿಡಕ್ಟಿಬಲ್ ಬಂದರೆ ಅದನ್ನು ಸದಸ್ಯರಲ್ಲಿ ಹೇಗೆ ಹಂಚುತ್ತಾರೆ ಎಂದು ನಡಾವಳಿಯಲ್ಲಿ ಬರೆಸಿ. ಒಳಗಿನ ಸಾಮಾನು, ನೀವು ಹಾಕಿಸಿದ ಕಪಾಟು, ತಾತ್ಕಾಲಿಕ ಬಾಡಿಗೆ ಇವಕ್ಕೆ ನಿಮ್ಮದೇ ಬೇರೆ ಪಾಲಿಸಿ ಬೇಕು.

ಭೂವಿಜ್ಞಾನ ವಿದ್ಯಾರ್ಥಿನಿ:
ಸರ್ವೇಯರ್ ಸರ್, ನನಗೊಂದು ಸಂಶಯ. ದೊಡ್ಡ ಭೂಕಂಪದ ಬಳಿಕ ವಾರಗಟ್ಟಲೆ ಮರುಕಂಪನಗಳು ಬರುತ್ತವೆ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8, ಮತ್ತೆ ಮೇ 12ರಂದು 7.3. ಮೊದಲನೆಯದರಲ್ಲಿ ಬಿರುಕು ಬಿಟ್ಟ ಮನೆ ಎರಡನೆಯದರಲ್ಲಿ ಬಿದ್ದರೆ ಡಿಡಕ್ಟಿಬಲ್ ಎಷ್ಟು ಸಲ?

ವಿಮಾ ಸರ್ವೇಯರ್:
ಒಳ್ಳೆಯ ಪ್ರಶ್ನೆ ತಂಗಿ. ಪಾಲಿಸಿಯಲ್ಲಿ ಗಂಟೆಗಳ ಲೆಕ್ಕದ ಒಂದು ಷರತ್ತು ಇರುತ್ತದೆ. ಅಷ್ಟು ಗಂಟೆಗಳೊಳಗೆ ಬಂದವೆಲ್ಲ ಒಂದೇ ಘಟನೆ. ಜಪಾನಿನಲ್ಲಿ 72 ಗಂಟೆ, ಕ್ಯಾಲಿಫೋರ್ನಿಯಾ ಪ್ರಾಧಿಕಾರದಲ್ಲಿ 360 ಗಂಟೆ. 2016ರಲ್ಲಿ ಕುಮಾಮೊಟೊದಲ್ಲಿ ಏಪ್ರಿಲ್ 14ರಂದು ಒಂದು, 16ರಂದು ಅದಕ್ಕಿಂತ ದೊಡ್ಡದು ಬಂತು, ಎರಡೂ 72 ಗಂಟೆಯೊಳಗೇ. ನೇಪಾಳದ ಎರಡರ ನಡುವೆ ಎರಡು ವಾರಕ್ಕೂ ಹೆಚ್ಚು ಅಂತರ. ಅಂಥ ಕಡೆ ಎರಡು ಘಟನೆ, ಎರಡು ಡಿಡಕ್ಟಿಬಲ್. ಯಾವ ಹಾನಿ ಯಾವುದರಿಂದ ಎಂಬ ವಾದವೂ ಹುಟ್ಟುತ್ತದೆ. ಆದ್ದರಿಂದ ಮೊದಲ ಅಲುಗಾಟದ ಬಳಿಕವೇ ಫೋಟೋ ತೆಗೆದು ಕಂಪನಿಗೆ ತಿಳಿಸಬೇಕು, ನಿಲ್ಲಲಿ ಎಂದು ಕಾಯಬಾರದು.

ಬೆಂಕಿಯ ವಿಷಯವನ್ನೂ ಹೇಳಿಬಿಡುತ್ತೇನೆ. 1906ರ ಸ್ಯಾನ್‌ಫ್ರಾನ್ಸಿಸ್ಕೊ, 1923ರ ಟೋಕಿಯೊ, ಎರಡೂ ಕಡೆ ಅಲುಗಾಟಕ್ಕಿಂತ ಹೆಚ್ಚಿನ ನಾಶ ಅದರ ಬೆನ್ನಿಗೆ ಬಂದ ಬೆಂಕಿಯಿಂದ. ಭೂಕಂಪದಿಂದ ಹೊತ್ತಿದ ಬೆಂಕಿಗೆ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಬೆಂಕಿ ವಿಮೆಯೇ ಹಣ ಕೊಡಬೇಕು. ಜಪಾನಿನಲ್ಲಿ ಬೆಂಕಿ ವಿಮೆ ಕೊಡುವುದಿಲ್ಲ, ಭೂಕಂಪ ವಿಮೆಯೇ ಬೇಕು. ನಿಮ್ಮ ಪಾಲಿಸಿ ಇವೆರಡರಲ್ಲಿ ಯಾವ ಕಡೆಗಿದೆ ಎಂಬುದನ್ನು ಬರಹದಲ್ಲಿ ಕೇಳಿ. ಸುನಾಮಿ, ಭೂಕುಸಿತ, ಕಾಂಪೌಂಡ್ ಗೋಡೆ, ಹೊರಗೋಡೆಯ ಅಲಂಕಾರದ ಕಲ್ಲು ಇವುಗಳ ಬಗ್ಗೆಯೂ ಕೇಳಿ.

ಹೊಸಮನೆ:
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ಅಂಕಿಗಳನ್ನು ಬರೆದು ಪತಿಯ ಮುಂದಿಟ್ಟೆ. ನಮ್ಮ ಮೂರನೆಯ ಅಂಕಿ ಮೊದಲನೆಯದಕ್ಕೂ ಸಾಲುವುದಿಲ್ಲ. ಅವರು ಸ್ವಲ್ಪ ಹೊತ್ತು ಹಾಳೆ ನೋಡಿ, ಕಂಬದ ಕೆಲಸ ಮಾತ್ರ ಬಿಡಬಾರದು ಎಂದರು. ಹಾಗಾಗಿ ಎರಡನ್ನೂ ಮಾಡುತ್ತಿದ್ದೇವೆ. ಕಂತು ಹೊರೆಯಾಗದಿರಲು ಡಿಡಕ್ಟಿಬಲನ್ನು ಶೇ 20ಕ್ಕೆ ಏರಿಸಿದರೆ ಹೇಗೆ? ಇದ್ದ ಉಳಿತಾಯದಿಂದ ಅಷ್ಟನ್ನು ಹೊರಬಹುದು. ರಚನಾ ಎಂಜಿನಿಯರ್ ಮುಂದಿನ ವಾರ ಬರುತ್ತಾರೆ.

ನಿವೃತ್ತ ಮೇಷ್ಟ್ರು:
ನಿಮ್ಮ ಸ್ಥಿತಿಗೆ ಇದು ಸರಿಯಾದ ತೀರ್ಮಾನ. ನನ್ನದು ಸಾಲವಿಲ್ಲದ ಒಂದಂತಸ್ತಿನ ಮನೆ, ಪಿಂಚಣಿ ಬರುತ್ತದೆ, ಮನೆ ಹೋದರೆ ಮಗಳ ಮನೆಯಿದೆ. ನನಗೆ ಬೇಡವೆಂಬುದು ಹಾಗೆಯೇ ಉಳಿಯುತ್ತದೆ. ಆದರೆ ಮಗಳಿಗೆ ಸಾಲವಿದೆ, ಇದನ್ನೆಲ್ಲ ಅವಳಿಗೆ ಓದಲು ಕೊಡುತ್ತೇನೆ.

ವಿಮಾ ಸರ್ವೇಯರ್:
ಶೇ 20 ಆಗಬಹುದು ಮೇಡಂ, ಆ ಹಣ ನಿಜವಾಗಿ ಕೈಗೆ ಸಿಗುವಂತಿದ್ದರೆ. ಎಂಜಿನಿಯರ್ ಬಂದ ದಿನವೇ ಒಂದು ಕೆಲಸ ಮಾಡಿ: ಪ್ರತಿ ಕೋಣೆಯ ನಾಲ್ಕೂ ಗೋಡೆ, ಕಿಟಕಿ ಬಾಗಿಲುಗಳ ಮೂಲೆ, ಕಂಬಗಳ ತಲೆ ಮತ್ತು ಬುಡ ಎಲ್ಲವನ್ನೂ ದಿನಾಂಕ ಬರುವಂತೆ ಫೋಟೋ ತೆಗೆದಿಡಿ. ಹಳೆಯ ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಹಳೆಯ ಬಿರುಕಿನೊಳಗೆ ಧೂಳು, ಬಣ್ಣ ಇಳಿದಿರುತ್ತದೆ, ಹೊಸದರ ಅಂಚು ಚೂಪಾಗಿ ಬೆಳ್ಳಗಿರುತ್ತದೆ. ಇದು ನಮಗೆ ಕಾಣುತ್ತದೆ, ಆದರೆ ಮೇಲೆ ಸುಣ್ಣ ಬಳಿದುಬಿಟ್ಟರೆ ಯಾರಿಗೂ ಹೇಳಲಾಗದು. ಕಂಬಗಳ ಕೆಲಸ ಮುಗಿದ ಮೇಲೆ ಎಂಜಿನಿಯರರ ಪ್ರಮಾಣಪತ್ರವನ್ನು ಕಂಪನಿಗೆ ಕೊಟ್ಟು ರಿಯಾಯಿತಿ ಕೇಳಿ. ಜಪಾನಿನಲ್ಲಿ ಭೂಕಂಪ ನಿರೋಧಕತೆಯ ದರ್ಜೆ ನೋಡಿ ಕಂತಿನಲ್ಲಿ ಶೇ 10ರಿಂದ 50ರವರೆಗೆ ಬಿಡುತ್ತಾರೆ, ಕ್ಯಾಲಿಫೋರ್ನಿಯಾದಲ್ಲೂ ಬಲಪಡಿಸಿದ ಹಳೆಯ ಮನೆಗಳಿಗೆ ರಿಯಾಯಿತಿ ಇದೆ. ಮತ್ತೆ, ನವೀಕರಣದ ದಿನ ದಾಟಿಸಬೇಡಿ. ಎಲ್ಲಾದರೂ ಹತ್ತಿರದಲ್ಲಿ ನೆಲ ಅಲುಗಿದ ಸುದ್ದಿ ಬಂದರೆ ಕಂಪನಿಗಳು ಹೊಸದಾಗಿ ಭೂಕಂಪ ರಕ್ಷಣೆ ಸೇರಿಸುವುದನ್ನು ಸ್ವಲ್ಪ ಕಾಲ ನಿಲ್ಲಿಸಿಬಿಡುವುದುಂಟು.